ಕಲೆ, ಕರೆ, ಬರೆ: ಮಾಯ್ದ ಗಾಯಕ್ಕೆ ಇಟ್ಟ ಹೆಸರು

ಬಳ್ಳಾರಿಯ ಯಾವ ಕಿರಾಣಿ ಅಂಗಡಿಯಲ್ಲಾದರೂ ನೋಡಿ, ಬಟ್ಟೆ ಸೋಪಿನ ಹೊದಿಕೆಯೂ ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬೂ ಒಂದೇ ಮಾತು ಕೊಡುತ್ತವೆ: ಕಲೆ ಹೋಗುತ್ತದೆ. ಅದೇ ಊರಿನ ಕಚೇರಿಯಲ್ಲಿ ಅರ್ಜಿ ತುಂಬುವಾಗ ‘ಗುರುತಿನ ಚಿಹ್ನೆ’ ಎಂಬ ಅಂಕಣ ಬಂದರೆ ಜನ ಬರೆಸುವುದೂ ಕಲೆಯನ್ನೇ. ಬಲ ಹುಬ್ಬಿನ ಮೇಲೆ ಹಳೆ ಗಾಯದ ಕಲೆ, ಎಡ ಮೊಣಕಾಲಿನ ಕೆಳಗೆ ಸುಟ್ಟ ಕಲೆ. ಒಂದು ಕಡೆ ತೊಳೆದು ತೆಗೆಯಬೇಕಾದ ಕೊಳೆ. ಇನ್ನೊಂದು ಕಡೆ ಇವನು ಇವನೇ ಎಂದು ಹೇಳುವ ಸಾಕ್ಷಿ. ಎರಡು ಎದುರುಬದುರು ಕೆಲಸಗಳನ್ನು ಒಂದೇ ಪದದ ತಲೆಗೆ ಕಟ್ಟಿ ನಾವು ನೆಮ್ಮದಿಯಿಂದಿದ್ದೇವೆ. ಈ ದತ್ತಿ ಉಪನ್ಯಾಸದಲ್ಲಿ ನಾನು ವಾದಿಸಹೊರಟಿರುವುದು ಇಷ್ಟು: ಗಾಯದ ಕಲೆ ಮತ್ತು ಬಟ್ಟೆಯ ಕಲೆ ಕನ್ನಡದಲ್ಲಿ ಒಂದೇ ಉಚ್ಚಾರದ, ಆದರೆ ಬೇರೆ ಬೇರೆ ವ್ಯಾಕರಣದ ಎರಡು ಬಳಕೆಗಳು. ಮೊದಲನೆಯದು ನಡೆದ ಸಂಗತಿಯೊಂದರ ಹೆಸರು, ಎರಡನೆಯದು ಅಂಟಿದ ವಸ್ತುವಿನ ಹೆಸರು. ಇವನ್ನು ಬೆರೆಸಿದಾಗ ಆಗುವ ಹಾನಿ ಭಾಷೆಯೊಳಗೇ ಮುಗಿಯುವುದಿಲ್ಲ.

ಮೊದಲು ಒಂದು ತೊಡಕು ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಇನ್ನೊಂದು ಕಲೆಯೂ ಇದೆ. ಸಂಸ್ಕೃತದ ‘ಕಲಾ’ದಿಂದ ಬಂದದ್ದು, ಚಂದ್ರನ ಹದಿನಾರನೆಯ ಒಂದು ಪಾಲು, ಸಂಗೀತ, ಚಿತ್ರ, ನಾಟಕ. ಬಳ್ಳಾರಿ ರಾಘವರು ರಂಗದ ಮೇಲೆ ತೋರಿದ್ದು ಈ ಕಲೆ. ಗಾಯದ ಕಲೆಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಗಾಯದ ಕಲೆ ದ್ರಾವಿಡದ್ದು. ಮಲಯಾಳದಲ್ಲಿ ಸಿಡುಬಿನ ಕಲೆಗೆ ಇಂದಿಗೂ ‘ಕಲ’ ಎನ್ನುತ್ತಾರೆ. ‘ಕಲೆಯೂ ಒಂದು ಕಲೆ’ ಎಂಬ ಶ್ಲೇಷೆ ಕವಿಗೋಷ್ಠಿಗಳಲ್ಲಿ ಚಪ್ಪಾಳೆ ಗಿಟ್ಟಿಸಬಹುದು, ಅದರಿಂದ ವ್ಯುತ್ಪತ್ತಿ ಹುಟ್ಟುವುದಿಲ್ಲ. ಇವೆರಡೂ ಬೇರೆ ಎಂಬುದಕ್ಕೆ ನಿಘಂಟಿಗಿಂತ ಹತ್ತಿರದ ಸಾಕ್ಷಿ ಈ ಸೀಮೆಯ ಬಾಯಲ್ಲೇ ಇದೆ. ಇಲ್ಲಿನ ಆಡುಮಾತಿನಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನೆ ಮನಿ, ತಲೆ ತಲಿ, ಎಲೆ ಎಲಿ. ಮೈಮೇಲಿನ ಕಲೆಯೂ ಹಾಗೆಯೇ ‘ಕಲಿ’. ಆದರೆ ಬಯಲಾಟದವರ ಕಲೆ ‘ಕಲಿ’ ಆಗುವುದಿಲ್ಲ. ಅದು ‘ಕಲೆ’ ಆಗಿಯೇ ಉಳಿಯುತ್ತದೆ, ಇಲ್ಲವೇ ‘ಕಲಾ’ ಆಗುತ್ತದೆ. ಶಾಲೆ ‘ಸಾಲಿ’ ಆಯಿತು, ಪೂಜೆ ‘ಪೂಜಿ’ ಆಯಿತು, ಅವೂ ಸಂಸ್ಕೃತದವೇ ಅಲ್ಲವೇ ಎಂದು ಕೇಳಬಹುದು. ನಿಜ. ಅವು ದಿನಬಳಕೆಗೆ ಇಳಿದು ಹಳೆಯದಾದವು. ವಿದ್ಯೆಯ ಕಲೆ ಪುಸ್ತಕದಿಂದ, ವೇದಿಕೆಯಿಂದ ಬಂದು ಆ ಗತ್ತನ್ನು ಬಿಟ್ಟುಕೊಡಲಿಲ್ಲ. ಒಂದು ಪದ ಮನೆಯೊಳಗಿನದು, ಇನ್ನೊಂದು ಪಡಸಾಲೆಯದು ಎಂದು ಸಿರುಗುಪ್ಪ, ಕುರುಗೋಡುಗಳ ನಾಲಗೆಗೆ ಯಾರೂ ಕಲಿಸದೆ ಗೊತ್ತು.

ಪಡಸಾಲೆಯ ಪದವನ್ನು ಬದಿಗಿಟ್ಟರೆ ಉಳಿಯುವುದು ಮನೆಯೊಳಗಿನ ಜಗಳ: ಗಾಯದ ಕಲೆ, ಬಟ್ಟೆಯ ಕಲೆ. ಇಲ್ಲಿ ಮೂರನೆಯ ಪದವೊಂದನ್ನು ಕರೆತರಬೇಕು, ಅದು ‘ಕಱೆ’. ಹಳಗನ್ನಡದಲ್ಲಿ ಕಱೆ ಎಂದರೆ ಕಪ್ಪು, ಕಪ್ಪಾಗಿ ಹಿಡಿದ ಡಾಗು. ನಂಜು ಕುಡಿದು ಕೊರಳು ಕಪ್ಪಾದ ಶಿವನಿಗೆ ಕಱೆಗೊರಲ ಎಂಬ ಹೆಸರಿತ್ತು. ತಮಿಳಿನಲ್ಲಿ ಆ ಪದ ಇಂದಿಗೂ ಜೀವಂತ. ಕನ್ನಡದಲ್ಲಿ ಱಕಾರ ರಕಾರದಲ್ಲಿ ಕರಗಿದ ಮೇಲೆ ಕಱೆ ‘ಕರೆ’ ಆಯಿತು, ಜನಸಂದಣಿಯಲ್ಲಿ ಸಿಕ್ಕಿಕೊಂಡಿತು. ಕೂಗುವುದೂ ಕರೆ, ಹಾಲು ಹಿಂಡುವುದೂ ಕರೆ, ಹೊಳೆಯ ದಡವೂ ಕರೆ. ಬಾಳೆಯ ಸೊನೆ ತಾಗಿ ಬಟ್ಟೆಗೆ ಹಿಡಿದ ಕರೆ, ಎಲೆಯಡಿಕೆ ಹಾಕುವವರ ಹಲ್ಲಿನ ಕರೆ ಎಂಬಲ್ಲಿ ಮಾತ್ರ ಹಳೆಯ ಅರ್ಥ ಉಸಿರಾಡುತ್ತಿದೆ. ಹೀಗೆ ಡಾಗಿನ ಪದ ದುರ್ಬಲವಾದಾಗ ಪಕ್ಕದಲ್ಲಿದ್ದ ಕಲೆಯ ಹೆಗಲಿಗೆ ಆ ಹೊರೆಯೂ ಬಿದ್ದಿರಬೇಕು ಎಂಬುದು ನನ್ನ ಊಹೆ. ಊಹೆ ಎಂದೇ ಹೇಳುತ್ತೇನೆ. ಗುರುತು ಎಂಬ ವಿಶಾಲ ಅರ್ಥದಲ್ಲಿ ಕಲೆ ಮೊದಲಿಂದಲೂ ಎರಡನ್ನೂ ಸ್ವಲ್ಪ ಹೊತ್ತಿದ್ದಿರಬಹುದು. ಆದರೆ ನನ್ನ ವಾದ ಈ ಊಹೆಯ ಮೇಲೆ ನಿಂತಿಲ್ಲ.

ಅದು ನಿಂತಿರುವುದು ಯಾರು ಬೇಕಾದರೂ ಮಾಡಿ ನೋಡಬಹುದಾದ ಒಂದು ಪರೀಕ್ಷೆಯ ಮೇಲೆ. ಕಲೆಯ ಹಿಂದೆ ಯಾವ ಪದ ಬರುತ್ತದೆ ನೋಡಿ. ಎಣ್ಣೆ ಕಲೆ, ಚಹಾ ಕಲೆ, ಅರಿಸಿನದ ಕಲೆ, ತುಕ್ಕಿನ ಕಲೆ: ಹಿಂದೆ ನಿಂತಿರುವುದು ವಸ್ತು, ಹೊರಗಿನಿಂದ ಬಂದು ಕೂತದ್ದು. ಗಾಯದ ಕಲೆ, ಸಿಡುಬಿನ ಕಲೆ, ಹೊಲಿಗೆಯ ಕಲೆ, ಸುಟ್ಟ ಕಲೆ: ಹಿಂದೆ ನಿಂತಿರುವುದು ಸಂಗತಿ, ಆ ಮೈಗೆ ಒಮ್ಮೆ ಒದಗಿದ್ದು. ‘ಸುಟ್ಟ’ ಎಂಬುದಂತೂ ಭೂತಕಾಲದ ಕೃದಂತ. ಕಾಲವೇ ಪದದೊಳಗೆ ಕೂತಿದೆ. ಇನ್ನು ಕ್ರಿಯಾಪದ. ಎಣ್ಣೆ ಕಲೆ ಅಂಟುತ್ತದೆ, ಹತ್ತುತ್ತದೆ, ಹಿಡಿಯುತ್ತದೆ. ಗಾಯದ ಕಲೆ ಅಂಟಿತು ಎಂದು ಕನ್ನಡ ಬಲ್ಲವರು ಯಾರೂ ಅನ್ನುವುದಿಲ್ಲ, ಅದು ಉಳಿಯುತ್ತದೆ. ಅಂಟಿದ್ದನ್ನು ಬಿಡಿಸಬಹುದು, ಅಡಿಯ ಬಟ್ಟೆ ಹಾಗೇ ಇರುತ್ತದೆ. ಉಳಿದದ್ದರ ಅಡಿಯಲ್ಲಿ ಬೇರೆ ಚರ್ಮವಿಲ್ಲ, ಅದೇ ಚರ್ಮ. ವೈದ್ಯರು ಹೇಳುವುದೂ ಇದನ್ನೇ. ಆಳವಾದ ಗಾಯ ಕೂಡಿಕೊಳ್ಳುವಾಗ ದೇಹ ಕಾಲಜನ್ ಎಂಬ ನಾರಿನಿಂದ ತೇಪೆ ಹಾಕುತ್ತದೆ. ಆ ತೇಪೆಯಲ್ಲಿ ಕೂದಲ ಬೇರಿಲ್ಲ, ಬೆವರಿನ ಗ್ರಂಥಿಯಿಲ್ಲ, ಎಷ್ಟು ವರ್ಷ ಕಳೆದರೂ ಮೂಲ ಚರ್ಮದ ಗಟ್ಟಿತನದ ಸುಮಾರು ಶೇ 80ಕ್ಕಿಂತ ಮೇಲೆ ಅದು ಏರುವುದಿಲ್ಲ. ರಕ್ತದ ಕಲೆ ಎಂಬ ಮಾತು ನನ್ನ ಪರೀಕ್ಷೆಯನ್ನು ಕೆಡಿಸುವುದಿಲ್ಲವೇ? ಇಲ್ಲ, ರಕ್ತ ಅಲ್ಲಿ ಬಟ್ಟೆಗೋ ನೆಲಕ್ಕೋ ಅಂಟಿದ ವಸ್ತು. ನಿಜವಾಗಿ ಎಡವಟ್ಟು ಮಾಡುವುದು ‘ಮೊಡವೆ ಕಲೆ’. ಮೊಡವೆ ವಸ್ತುವೋ ಸಂಗತಿಯೋ ಹೇಳುವುದು ಕಷ್ಟ. ಅದರ ಗುರುತು ಕೆಲವರಲ್ಲಿ ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ, ಕೆಲವರಲ್ಲಿ ಕುಳಿಯಾಗಿ ನಿಲ್ಲುತ್ತದೆ. ಜಾಹೀರಾತು ಬರೆಯುವವರು ಈ ಸೇತುವೆಯ ಮೇಲೆಯೇ ಸೋಪಿನ ಭಾಷೆಯನ್ನು ಚರ್ಮಕ್ಕೆ ದಾಟಿಸಿದರು ಎಂದು ನನಗನ್ನಿಸುತ್ತದೆ. ಅವರ ಜಾಣತನವನ್ನು ಮೆಚ್ಚಬೇಕು.

ಗಡಿ ಊರುಗಳ ಎರಡು ಭಾಷೆಯ ಬಾಳ್ವೆ ಇಲ್ಲಿ ಇನ್ನೊಂದು ಬೆಳಕು ಚೆಲ್ಲುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಕಾಶೆಯಲ್ಲಿ ಗೆರೆ ಬಿತ್ತು, ಬಾಯಲ್ಲಿ ಬೀಳಲಿಲ್ಲ. ಎರಡೂ ಭಾಷೆಯಾಡುವ ಮನೆಗಳಲ್ಲಿ ಪದಗಳು ಹಂಚಿಕೊಂಡಿರುವ ರೀತಿ ನೋಡಿ. ತೆಲುಗಿನಲ್ಲಿ ಹುಟ್ಟಿನಿಂದ ಬಂದ ಮಚ್ಚೆಯೂ ಗಾಯದ ಕಲೆಯೂ ‘ಮಚ್ಚ’. ಬಟ್ಟೆಯ ಕಲೆ ಮಾತ್ರ ಬೇರೆ, ಅದು ‘ಮರಕ’. ಕನ್ನಡದಲ್ಲಿ ಮಚ್ಚೆ ಬೇರೆ, ಕಲೆ ಬೇರೆ. ಆದರೆ ಬಟ್ಟೆಯದೂ ಗಾಯದ್ದೂ ಕಲೆಯೇ. ತೆಲುಗು ಎರಡನ್ನು ಕೂಡಿಸಿದ ಕಡೆ ಕನ್ನಡ ಬಿಡಿಸಿದೆ, ಕನ್ನಡ ಕೂಡಿಸಿದ ಕಡೆ ತೆಲುಗು ಬಿಡಿಸಿದೆ. ಹುಟ್ಟಿದಾಗಲೇ ಇದ್ದದ್ದು ಯಾವುದು, ಆಮೇಲೆ ಒದಗಿದ್ದು ಯಾವುದು ಎಂಬ ಎಣಿಕೆ ಕನ್ನಡಕ್ಕೆ ಮುಖ್ಯವಾಯಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಅಂದರೆ ಮೈಯ ವಿಷಯಕ್ಕೆ ಬಂದಾಗ ಕಲೆ ಎಂಬ ಪದವನ್ನು ಕನ್ನಡ ಮೀಸಲಿಟ್ಟದ್ದು ಚರಿತ್ರೆಗೆ.

ಈಗ ‘ಮಾಯು’ ಎಂಬ ಕ್ರಿಯಾಪದಕ್ಕೆ ಬರುತ್ತೇನೆ. ಈ ಉಪನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಪದ ಅದು. ಗಾಯ ಮಾಯುತ್ತದೆ, ಮಾಯ್ದ ಮೇಲೆ ಕಲೆ ಉಳಿಯುತ್ತದೆ. ಇದಕ್ಕೂ ವೇದಾಂತದ ಮಾಯೆಗೂ ಗಂಟು ಹಾಕುವವರಿದ್ದಾರೆ, ಬೇಡ. ದ್ರಾವಿಡದ ಮಾಯ್ ಎಂದರೆ ಕಾಣದಾಗು, ಮಸಕಾಗು. ಮಲಯಾಳದಲ್ಲಿ ಬಣ್ಣ ಮಾಯುತ್ತದೆ, ತಮಿಳಿನಲ್ಲಿ ಜೀವವೇ ಮಾಯುತ್ತದೆ, ಕನ್ನಡದಲ್ಲಿ ಮಾಯುವುದು ಗಾಯ. ಗಾಯ ‘ಗುಣವಾಗುತ್ತದೆ’ ಎಂಬ ಈಚಿನ ಮಾತಿಗಿಂತ ಇದು ಹೆಚ್ಚು ನಿಷ್ಠುರ: ಗಾಯ ಕಣ್ಣಿಗೆ ಕಾಣದಾಯಿತು ಅಷ್ಟೇ, ಏನೂ ಆಗಿಲ್ಲವೆಂದಲ್ಲ. ಇದರ ಸುತ್ತ ಇರುವ ಪದಗಳ ಸಾಲೂ ಅಷ್ಟೇ ಖಚಿತ. ಹೊಸದು ಗಾಯ. ಮಾಯದೆ ಕೀವಾಡುವುದು ಹುಣ್ಣು. ಹಳಗನ್ನಡದ ಪುಣ್ ಗಾಯವನ್ನೂ ಹೇಳುತ್ತಿತ್ತು, ಘಾತದಿಂದ ಬಂದ ಗಾಯ ಆ ಜಾಗ ಹಿಡಿದ ಮೇಲೆ ಹುಣ್ಣು ಮಾಯದ್ದಕ್ಕೆ ಮೀಸಲಾಯಿತು. ಮೇಲೆ ಒಣಗಿ ಕಟ್ಟುವುದು ಹಕ್ಕಳೆ. ಏಟು ಬಿದ್ದು ಚರ್ಮ ಹರಿಯದೆ ಉಬ್ಬಿದರೆ ಬಾಸುಂಡೆ. ಅದು ಇಳಿದುಹೋಗುತ್ತದೆ, ಕಲೆಯಾಗುವುದಿಲ್ಲ. ದುಡಿದು ದುಡಿದು ಅಂಗೈ ಗಟ್ಟಿಯಾದರೆ ಮೈಸೂರು ಕಡೆ ಜಡ್ಡು ಎನ್ನುತ್ತಾರೆ. ಇಲ್ಲಿ ಜಡ್ಡು ಎಂದರೆ ಕಾಯಿಲೆ, ಆಸ್ಪತ್ರೆಗೇ ಕರೆದೊಯ್ದಾರು! ಇಷ್ಟು ಬಿಡಿಬಿಡಿಯಾಗಿ ಮೈಯನ್ನು ಓದಿದ ಭಾಷೆಯಲ್ಲಿ ಕಲೆಯ ಸ್ಥಾನ ನಿಗದಿಯಾಗಿದೆ. ಅದು ಸಾಲಿನ ಕೊನೆಯದು. ಮಾಯುವ ಮುಂಚೆ ಕಲೆಯಿಲ್ಲ.

ಮನುಷ್ಯರು ಬೇಕೆಂದೇ ಮಾಡುವ ಗುರುತುಗಳ ಹೆಸರುಗಳು ಇದೇ ವಾದವನ್ನು ಇನ್ನೊಂದು ದಿಕ್ಕಿನಿಂದ ಬಲಪಡಿಸುತ್ತವೆ. ಕಾದ ಕಬ್ಬಿಣದಿಂದ ಚರ್ಮ ಸುಟ್ಟರೆ ‘ಬರೆ’. ಅದನ್ನು ಹಾಕುತ್ತಾರೆ, ಎಳೆಯುತ್ತಾರೆ. ಎಳೆಯುವುದು ಗೆರೆಯನ್ನು. ತಮಿಳಿನ ವರೈ, ಮಲಯಾಳದ ವರ ಎಂಬ ಗೆರೆಯ ಪದಗಳ ಬಳಗದ್ದೇ ನಮ್ಮ ‘ಬರೆ’ ಎಂಬ ಧಾತುವೂ. ಅಕ್ಷರ ಬರೆಯುವುದು, ಬರೆ ಎಳೆಯುವುದು ಎರಡರಲ್ಲೂ ಇರುವುದು ಮೈಯೊಂದನ್ನು ಗೀರುವ ಕೆಲಸ. ತಾಳೆಗರಿಯ ಮೇಲೆ ಕಂಟದಿಂದ ಗೀರಿ ಆ ಗೀರಿಗೆ ಮಸಿ ತುಂಬುತ್ತಿದ್ದ ಕಾಲದಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಶೋಕನ ಹೆಸರನ್ನೇ ಹೇಳುವ ಬೆರಳೆಣಿಕೆಯ ಶಾಸನಗಳಲ್ಲಿ ಎರಡು ಈ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲಿವೆ; ಬಂಡೆಗೆ ಗೀರು ಬಿದ್ದದ್ದರಿಂದಲೇ ಅವು ಎರಡು ಸಾವಿರದ ಮುನ್ನೂರು ವರ್ಷ ತಾಳಿದವು. ಆದರೆ ಚರ್ಮದ ಮೇಲೆ ಯಾರು, ಯಾರಿಗೆ, ಯಾರ ಒಪ್ಪಿಗೆಯಿಂದ ಗೀರಿದರು ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಆಷಾಢದ ಪ್ರಥಮ ಏಕಾದಶಿಯಂದು ಸಿರುಗುಪ್ಪಕ್ಕೆ ಹತ್ತಿರದ ಮಂತ್ರಾಲಯದಲ್ಲಿ ಮಾಧ್ವರು ಕಾಯಿಸಿದ ಶಂಖಚಕ್ರಗಳನ್ನು ತೋಳಿಗೆ ಒತ್ತಿಸಿಕೊಳ್ಳುತ್ತಾರೆ. ಅದೂ ಕಾದ ಲೋಹ, ಅದೂ ಚರ್ಮ. ಅದಕ್ಕೆ ಬರೆ ಎಂದರೆ ಅಪಚಾರ, ಅದು ‘ಮುದ್ರೆ’. ಕೂಸಿನ ಕಾಮಾಲೆಗೆಂದು ಹಳ್ಳಿಗಳಲ್ಲಿ ಹೊಟ್ಟೆಯ ಮೇಲೆ ಸುಡುವುದನ್ನು ಮಾತ್ರ ಬರೆ, ಚುಟಿಕೆ ಎನ್ನುತ್ತಾರೆ. ಆ ಕೂಸಿಗೆ ಒಪ್ಪಿಗೆ ಕೇಳಿದವರಿಲ್ಲ, ಅದರಿಂದ ಕಾಮಾಲೆ ಹೋಗುವುದೂ ಇಲ್ಲ, ಸುಟ್ಟ ಗಾಯಕ್ಕೆ ನಂಜೇರುವ ಅಪಾಯ ಮಾತ್ರ ನಿಜ. ಇನ್ನು ಹಚ್ಚೆ. ಅದು ಹಸಿರಿನ ಪಚ್ಚೆಯಿಂದ ಬಂದದ್ದು. ತೆಲುಗಿನವರು ‘ಪಚ್ಚಬೊಟ್ಟು’ ಎನ್ನುತ್ತಾರೆ. ಸೂಜಿಯಿಂದ ನೂರು ಸಲ ಚುಚ್ಚಿದರೂ ಎರಡೂ ಭಾಷೆ ನೋವನ್ನು ಬಿಟ್ಟು ಬಣ್ಣವನ್ನು ಹೆಸರಿಸಿದವು, ಏಕೆಂದರೆ ಅದು ಬಯಸಿ ಪಡೆದದ್ದು. ಅದೇ ಸೂಜಿ ಸರ್ಕಾರದ ಕೈಗೆ ಹೋದಾಗ ಕತೆ ಬೇರೆ: ಕಂಪನಿ ಸರ್ಕಾರ 1797ರಲ್ಲಿ ಬಂಗಾಳದಲ್ಲಿ, ಆಮೇಲೆ ಬಳ್ಳಾರಿ ಸೇರಿದ್ದ ಮದರಾಸು ಪ್ರಾಂತದಲ್ಲಿ, ಅಪರಾಧಿಗಳ ಹಣೆಗೆ ಅಪರಾಧದ ಹೆಸರನ್ನೇ ಚುಚ್ಚಿಸುವ ಶಿಕ್ಷೆ ತಂದು 1849ರಲ್ಲಿ ಕೈಬಿಟ್ಟಿತು. ಮುದ್ರೆ, ಹಚ್ಚೆ, ಬರೆ ಇವೆಲ್ಲದರ ಹಿಂದೆ ಒಬ್ಬ ಕರ್ತೃ ಇದ್ದಾನೆ. ಕಲೆಗೆ ಕರ್ತೃವಿಲ್ಲ. ಯಾರೂ ಕಲೆ ಹಾಕುವುದಿಲ್ಲ, ಕಲೆ ಬೀಳುತ್ತದೆ. ಬರೆ ಹಾಕಿದವನ ಹೊಣೆ ಬರೆಯಲ್ಲಿದೆ. ಕಲೆಯಲ್ಲಿ ಇರುವುದು ಹೊತ್ತವನ ಮೈ ಮಾತ್ರ.

ಇಲ್ಲಿಗೆ ಆಕ್ಷೇಪಗಳ ಸರದಿ. ಬಳಕೆಯೇ ಭಾಷೆಯ ದೊರೆ, ನಿಘಂಟುಗಳೇ ಎರಡೂ ಅರ್ಥ ಕೊಡುತ್ತಿರುವಾಗ ಈ ಬೇಲಿ ಏಕೆ ಎಂಬುದು ಮೊದಲನೆಯದು. ಕನ್ನಡದ ನಿಘಂಟು ಪರಂಪರೆಯಲ್ಲಿ ಬಳ್ಳಾರಿಗೂ ಪಾಲಿದೆ. ಇಲ್ಲಿನ ಲಂಡನ್ ಮಿಶನ್ನಿಗೆ ಬಂದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದವನು, ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ನಿಘಂಟು ಎರಡು ಅರ್ಥಗಳನ್ನು ಪಕ್ಕಪಕ್ಕ ಇಡುತ್ತದೆ, ಒಂದರಿಂದ ಇನ್ನೊಂದನ್ನು ಸಾಧಿಸು ಎನ್ನುವುದಿಲ್ಲ. ಒಂದು ಪದಕ್ಕೆ ಎರಡು ಅರ್ಥವಿರುವುದಕ್ಕೆ ನನ್ನ ತಕರಾರಿಲ್ಲ. ಬಟ್ಟೆಯ ಕಲೆ ಕೊಳೆಯಾದ್ದರಿಂದ ಮುಖದ ಕಲೆಯೂ ಕೊಳೆ, ಅಲ್ಲಿಂದ ಮುಂದೆ ಅದು ಕಳಂಕ, ಅದಿದ್ದವರು ಕಳಂಕಿತರು ಎಂದು ಜಾರುವ ಯೋಚನೆಗೆ ತಕರಾರು. ಈ ಜಾರುವಿಕೆ ಬರೀ ಮಾತಿನದಲ್ಲ. ಆಸಿಡ್ ದಾಳಿಯನ್ನು ಪ್ರತ್ಯೇಕ ಅಪರಾಧವೆಂದು ದಂಡಸಂಹಿತೆಗೆ ಸೇರಿಸಿದ್ದು 2013ರಲ್ಲಿ. ದಾಳಿಗೊಳಗಾದವರನ್ನು ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗೆ ತಂದದ್ದು 2016ರಲ್ಲಿ. ಕಾನೂನು ಅಲ್ಲಿ ಕಲೆಯನ್ನು ಓದಿದ್ದು ನಡೆದ ಸಂಗತಿಯ ಗುರುತಾಗಿ. ಕಲೆಯನ್ನು ಕಳಂಕವೆಂದು ಓದುವ ಸಮಾಜ ಅದೇ ಮುಖವನ್ನು ನೋಡಿ ಮುಖ ತಿರುಗಿಸುತ್ತದೆ.

ಎರಡನೆಯ ಆಕ್ಷೇಪ ವೈದ್ಯರದು. ಕಲೆ ಎಂಬುದು ಸಡಿಲ ಪದ, ಉಬ್ಬಿ ಬೆಳೆಯುವ ಕೀಲಾಯ್ಡ್, ಕುಳಿಬಿದ್ದ ಸಿಡುಬಿನ ಗುರುತು, ಬರೀ ಬಣ್ಣ ಬದಲಾದ ಚರ್ಮ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ‘ವ್ರಣಚಿಹ್ನೆ’ ಎಂಬಂಥ ಪಾರಿಭಾಷಿಕವೇ ಲೇಸು ಎಂದು. ತರಗತಿಯಲ್ಲಿ ಅದು ಇರಲಿ. ರೋಗಿಯ ಎದುರು ಕೂತಾಗ ಸಡಿಲತೆಯನ್ನು ನೀಗಿಸಲು ವಿಶೇಷಣ ಸಾಕು: ಉಬ್ಬಿದ ಕಲೆ, ಕುಳಿಬಿದ್ದ ಕಲೆ, ಬಣ್ಣದ ಕಲೆ. ವ್ರಣಚಿಹ್ನೆ ಎಂದು ಬರೆದ ಕಾಗದವನ್ನು ಕುರುಗೋಡಿನ ಒಬ್ಬ ತಾಯಿ ಮತ್ತೊಬ್ಬರ ಕೈಲಿ ಓದಿಸಿ ಅರ್ಥ ಕೇಳಬೇಕಾದರೆ ಅದರ ಖಚಿತತೆ ಯಾರ ಉಪಯೋಗಕ್ಕೆ?

ಕಲೆ ಸಾಕ್ಷಿ ಎಂಬ ಮಾತು ಕಾವ್ಯಾಲಂಕಾರವಷ್ಟೇ ಎಂದು ಮೂರನೆಯವರು ಹೇಳಿಯಾರು. ಅವರಿಗೆ ಸಿಡುಬಿನ ಲೆಕ್ಕ ತೋರಿಸಬೇಕು. ಈ ಕಡೆ ಮೈಲಿಬ್ಯಾನಿ, ಅಮ್ಮ ಎಂದೆಲ್ಲ ಹೆಸರಿದ್ದ ಸಿಡುಬಿನ ಕೊನೆಯ ಪ್ರಕರಣ ಭಾರತದಲ್ಲಿ ಕಂಡದ್ದು 1975ರ ಮೇ ತಿಂಗಳಲ್ಲಿ. ರೋಗ ಹೋಯಿತು ಎಂದು ಹೇಳುವುದು ಸುಲಭ, ನಂಬಿಸುವುದು ಹೇಗೆ? ತಪಾಸಣೆಯ ತಂಡಗಳು ಊರೂರು ತಿರುಗಿ ಮಕ್ಕಳ ಮುಖ ನೋಡಿದವು. ದೊಡ್ಡವರ ಮುಖದಲ್ಲಿ ಕಲೆಯಿದ್ದು ಯಾವುದೋ ಒಂದು ವರ್ಷದ ಈಚೆ ಹುಟ್ಟಿದ ಯಾವ ಮಗುವಿನ ಮುಖದಲ್ಲೂ ಇಲ್ಲದಿದ್ದರೆ, ಆ ವರ್ಷದಿಂದೀಚೆಗೆ ಆ ಊರಿಗೆ ಸಿಡುಬು ಬಂದಿಲ್ಲ. ಲಸಿಕೆ ಎಷ್ಟು ಜನಕ್ಕೆ ತಲುಪಿತು ಎಂದು ಎಣಿಸಿದ್ದೂ ತೋಳಿನ ಮೇಲಿನ ದುಂಡು ಕಲೆಯಿಂದಲೇ. ರಿಜಿಸ್ಟರಿನಲ್ಲಿ ಸುಳ್ಳು ಬರೆಯಬಹುದಿತ್ತು, ತೋಳಿನಲ್ಲಿ ಆಗುತ್ತಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಆಯೋಗ ಭಾರತಕ್ಕೆ ಸಿಡುಬುಮುಕ್ತವೆಂಬ ಪ್ರಮಾಣಪತ್ರ ಕೊಟ್ಟಿತು, 1980ರ ಮೇ 8ರಂದು ಇಡೀ ಲೋಕಕ್ಕೆ ಆ ಘೋಷಣೆ ಬಂತು. ಅಷ್ಟು ದೊಡ್ಡ ತೀರ್ಮಾನದ ದಾಖಲೆಪತ್ರಗಳಲ್ಲಿ ಬಡವರ ಚರ್ಮವೂ ಒಂದು. ಅದನ್ನು ಸೋಪಿನ ಭಾಷೆಯಲ್ಲಿ ಹೇಗೆ ಹೇಳುವುದು?

ಕೊನೆಗೆ, ಮೈಯಿಂದ ನೆಲಕ್ಕೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದಿಂದೀಚೆಗೆ ಜನ ಬಂಡೆಯನ್ನು ಕಲ್ಲಿನಿಂದ ಕುಟ್ಟಿ ಕುಟ್ಟಿ ಗೂಳಿಗಳನ್ನು ಮೂಡಿಸಿದ್ದಾರೆ. 1892ರಲ್ಲೇ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಅವುಗಳ ಬಗ್ಗೆ ಬರೆದಿದ್ದ. ಕುಟ್ಟಿದಾಗ ಬಂಡೆಯ ಕಪ್ಪು ಮೇಲ್ಪದರ ಹೋಗಿ ಒಳಗಿನ ತಿಳಿ ಬಣ್ಣ ಹೊರಬರುತ್ತದೆ. ಶತಮಾನಗಳ ಗಾಳಿ ಬಿಸಿಲಿಗೆ ಆ ಜಾಗ ಮತ್ತೆ ಕಪ್ಪಡರುತ್ತದೆ. ಯಾವ ಚಿತ್ರ ಹಳೆಯದು, ಯಾವುದು ಈಚಿನದು ಎಂದು ಪುರಾತತ್ತ್ವದವರು ಅಂದಾಜು ಮಾಡುವುದು ಈ ಕಪ್ಪಿನ ಮೇಲೆ, ಅಂದರೆ ಬಂಡೆ ಎಷ್ಟು ಮಾಯ್ದಿದೆ ಎಂಬುದರ ಮೇಲೆ. ಅಲ್ಲಿರುವುದು ಕಲೆ, ಎರಡೂ ಅರ್ಥದಲ್ಲಿ ಎಂದು ಬೇಕಾದರೆ ಕವಿಗೋಷ್ಠಿಯವರು ಚಪ್ಪಾಳೆ ತಟ್ಟಲಿ. ಅದೇ ಜಿಲ್ಲೆಯ ಸಂಡೂರಿನ ಸಾಲುಗುಡ್ಡಗಳಲ್ಲಿ ಕಬ್ಬಿಣದ ಅದಿರಿಗೆ ತೋಡಿದ ಗುಂಡಿಗಳನ್ನೂ ಲೇಖನಗಳಲ್ಲಿ ‘ಭೂಮಿಯ ಮೇಲಿನ ಕಲೆ’ ಎಂದು ಬರೆಯುವ ರೂಢಿ ಬಂದಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಮತ್ತೆ ಶುರುವಾಗುವ ಗಣಿಗಳಿಗೆ ನೆಲವನ್ನು ಮೊದಲಿನಂತೆ ಮಾಡುವ ಯೋಜನೆಯನ್ನು ಕಡ್ಡಾಯ ಮಾಡಿತು. ಅಂದರೆ ನ್ಯಾಯಾಲಯದ ಕಣ್ಣಿಗೆ ಅದು ಇನ್ನೂ ಮಾಯದ್ದು, ಮಾಯಿಸಬೇಕಾದದ್ದು. ಕಲೆ ಎಂದು ಬರೆದ ಕೂಡಲೇ ಮಾಯುವ ಕೆಲಸ ಮುಗಿದಂತಾಯಿತು, ಇನ್ನು ನೋಡಿ ನಿಟ್ಟುಸಿರಿಡುವುದಷ್ಟೇ ಬಾಕಿ. ಈ ಜಿಲ್ಲೆಯಿಂದ ಸುದ್ದಿ ಬರೆಯುವ ಮಿತ್ರರಲ್ಲಿ ನನ್ನ ಕೋರಿಕೆ: ಕುಪ್ಪಗಲ್ಲಿನ ಗೂಳಿಗೆ ಕಲೆ ಎನ್ನಿ, ಸಂಡೂರಿನ ಗುಂಡಿಗೆ ಗಾಯ ಎಂದೇ ಬರೆಯಿರಿ.